ಸ್ವಿಚ್ಚಿಗೆ ಬಿದ್ದ ಬೀಗ

“ಏನೇ ಮುಂಡೆ, ಕಣ್ಣು ಮನೇಲಿ ಬಿಟ್ಟು ಬಂದಿದೀಯ? ಇಳಿ ಕೆಳಗೆ.”

ಏಣಿಯ ತುದಿಯಲ್ಲಿದ್ದವಳು ಇಳಿಯಲಿಲ್ಲ. ಇಳಿಯಬೇಕೆಂದರೂ ಕೈ ಬಿಡುವಿರಲಿಲ್ಲ. ಚಾವಣಿಯ ಚೌಕದಿಂದ ಆಗಷ್ಟೇ ಎಳೆದ ಏಸಿಯ ಜಾಲರಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ಅದರ ತುಂಬ ಕಂಬಳಿ ಹೊದಿಸಿದ ಹಾಗೆ ಧೂಳು ಕೂತಿತ್ತು. ಸ್ವಲ್ಪ ವಾಲಿದರೂ ಅಷ್ಟೂ ಧೂಳು ಕೆಳಗಿನ ಬಿಳಿಯ ಮೇಜುಬಟ್ಟೆಯ ಮೇಲೆ ಸುರಿಯುತ್ತಿತ್ತು. ಸುರಿದಿದ್ದರೆ ಮ್ಯಾನೇಜರ್ ಏನೇನು ಬೈಯುತ್ತಿದ್ದನೋ ಅದನ್ನೆಲ್ಲ ಧೂಳು ಸುರಿಯುವ ಮೊದಲೇ ಅವನು ಬೈದು ಮುಗಿಸಿದ್ದ.

ಮೇಜಿನ ಮೇಲೆ ಬಿದ್ದದ್ದು ಧೂಳಲ್ಲ, ನೀರು. ಆ ಹೋಟೆಲಿನ ದೊಡ್ಡ ಹಾಲಿನಲ್ಲಿ ಕಾಣುವ ಚಾವಣಿ ನಿಜವಾದ ಚಾವಣಿಯಲ್ಲ, ತಂತಿಗೆ ತೂಗುಹಾಕಿದ ಹಲಗೆಗಳು. ಹಲಗೆಗಳ ಮೇಲೆ, ಮನುಷ್ಯ ಹೊಟ್ಟೆಯ ಮೇಲೆ ತೆವಳಿದರೆ ಮಾತ್ರ ಹಿಡಿಯುವಂಥ ಇಕ್ಕಟ್ಟಿನಲ್ಲಿ, ಏಸಿ ಯಂತ್ರವೂ ಅದರ ಗಾಳಿ ಸಾಗಿಸುವ ತಗಡಿನ ಡಕ್ಟುಗಳೂ ಇದ್ದವು. ತಣ್ಣನೆಯ ಗಾಳಿ ಹಾಲಿನ ಉದ್ದಕ್ಕೂ ಸದ್ದಿಲ್ಲದೆ ಇಳಿಯುತ್ತಿತ್ತು, ಎಲ್ಲಿಂದ ಬರುತ್ತದೆ ಎಂದು ಯಾರೂ ತಲೆಯೆತ್ತಿ ನೋಡುತ್ತಿರಲಿಲ್ಲ. ಹೋಟೆಲಿನವರಿಗೆ ಬೇಕಾದದ್ದೂ ಅದೇ. ಅತಿಥಿಗಳ ಕಣ್ಣಿಗೆ ಯಂತ್ರವೂ ಬೀಳಬಾರದು, ಅದನ್ನು ತೊಳೆಯುವವರೂ ಬೀಳಬಾರದು.

ತೊಳೆಯುವವಳು ಇವಳು. ಹಾಲಿನಿಂದ ಹಿಡಿದು ಕೊನೆಯ ಕೋಣೆಯವರೆಗೆ ಇದ್ದಬದ್ದ ಜಾಲರಿಯನ್ನೆಲ್ಲ ಬಿಚ್ಚುವುದು, ಕೆಳಗೊಯ್ದು ತೊಳೆಯುವುದು, ನೆರಳಲ್ಲಿ ಒಣಗಿಸುವುದು, ತಿರುಗಿ ಸಿಕ್ಕಿಸುವುದು. ಅಷ್ಟರಲ್ಲಿ ಮೊದಲು ತೊಳೆದದ್ದು ಮತ್ತೆ ಕೊಳೆಯಾಗಿರುತ್ತಿತ್ತು. ಕೆಲಸದವರೆಲ್ಲ ಅವಳನ್ನು ಜಾಲರಿ ಅಕ್ಕ ಎಂದೇ ಕರೆಯುತ್ತಿದ್ದರು. ಮ್ಯಾನೇಜರ್ ಮಾತ್ರ ಕರೆಯುತ್ತಿದ್ದದ್ದು ಬೇರೆ ಹೆಸರಿಂದ.

“ನೀರು ನಾನು ಚೆಲ್ಲಿದ್ದಲ್ಲ ಸಾರ್, ಮೇಲಿಂದ ಬೀಳ್ತಿದೆ,” ಎಂದಳು ಏಣಿಯ ಮೇಲಿಂದಲೇ. “ಆ ಕೊನೇಲಿ ಗಾಳಿ ಎಳ್ಕೊಳೋ ಬಾಯಿಗೆ ಅಲಂಕಾರದೋರು ರೇಷ್ಮೆ ಬಟ್ಟೆ ಬಿಗಿದುಬಿಟ್ಟಿದಾರೆ. ಅದು ಉಸಿರಾಡೋದು ಹೆಂಗೆ? ಗಾಳಿ ಇಲ್ದೆ ಒಳಗೆ ಐಸ್ ಕಟ್ಕೊಂಡಿದೆ.”

“ಬಟ್ಟೆ ಕಟ್ಸಿದ್ದು ನಾನು. ಅಲ್ಲೊಂದು ತೂತು, ಇಲ್ಲೊಂದು ತೂತು, ಅತಿಥಿಗಳು ಅದನ್ನ ನೋಡ್ಕೊಂಡು ಉಣ್ಬೇಕಾ?”

“ನೀರು ಹೋಗೋ ಪೈಪೂ ಕಟ್ಕೊಂಡಿದೆ ಸಾರ್. ಅವತ್ತೇ ಹೇಳಿದ್ವಿ.”

“ಹೇಳಿದ್ದಕ್ಕೆ ಏನು, ಹಾರ ಹಾಕ್ಬೇಕಿತ್ತಾ ನಿಂಗೆ? ಇಳಿ, ಒರೆಸು ಮೊದ್ಲು.”

ಅವಳು ಜಾಲರಿಯನ್ನು ಎದೆಗವಚಿಕೊಂಡು ಮೆಲ್ಲಗೆ ಇಳಿದಳು. ಗೋಡೆಗೆ ಒರಗಿಸಿಟ್ಟು, ಒರೆಸುವ ಬಟ್ಟೆ ತರಲು ಬಾಗಿಲ ಕಡೆ ತಿರುಗಿದಳು.

“ಎಲ್ಲಿಗೆ ಸವಾರಿ? ತಲೇಲಿ ಕಟ್ಕೊಂಡಿದೀಯಲ್ಲ, ಬಿಚ್ಚು ಅದನ್ನ.”

ಧೂಳು ಕೂದಲಿಗೆ ಇಳಿಯದಿರಲೆಂದು ಕಟ್ಟಿದ ಬಟ್ಟೆ ಅದು. ಹಾಲಿನಲ್ಲಿ ಕುರ್ಚಿ ಜೋಡಿಸುತ್ತಿದ್ದವರು, ಲೋಟ ಒರೆಸುತ್ತಿದ್ದವರು, ಎಲ್ಲರೂ ಕೈ ನಿಲ್ಲಿಸಿ ನೋಡಿದರು. ಅವಳು ಗಂಟು ಬಿಚ್ಚಿದಳು. ನೆರೆತ ಕೂದಲು ಕೆನ್ನೆಯ ಮೇಲೆ ಬಿತ್ತು. ಬಗ್ಗಿ ಮೇಜು ಒರೆಸಿದಳು. ಒರೆಸಿ ನೆಟ್ಟಗಾಗುವಷ್ಟರಲ್ಲಿ ಮ್ಯಾನೇಜರ್ ತನ್ನ ಎಡಗಾಲು ಮುಂದೆ ಚಾಚಿದ್ದ. ಬೂಟಿನ ಮೂತಿಗೆ ನೀರಿನ ಹನಿ ಸಿಡಿದಿತ್ತು.

ಅವಳು ಕೂತು ಅದನ್ನೂ ಒರೆಸಿದಳು. ಒರೆಸುವಾಗ ಅವಳಿಗೆ ನಾಚಿಕೆಯಾಯಿತು. ತನ್ನ ಮೇಲೇ ಅಸಹ್ಯವಾಯಿತು.

“ನಿನ್ನ ಮೈದುನನ್ನ ಮೇಲೆ ಹತ್ಸು,” ಎಂದ ಮ್ಯಾನೇಜರ್, ಬೂಟನ್ನು ಅತ್ತಿತ್ತ ತಿರುಗಿಸಿ ನೋಡಿಕೊಳ್ಳುತ್ತ. “ಇನ್ನೇನು ಜನ ಬರ್ತಾರೆ. ಅಷ್ಟರಲ್ಲಿ ನೀರು ನಿಲ್ಬೇಕು. ಮತ್ತೆ ಕೇಳು, ಏಸಿ ಆಫ್ ಆಗೋ ಹಾಗಿಲ್ಲ. ಯಜಮಾನ್ರ ಊಟ ಇದು, ಒಬ್ರಿಗೂ ಬೆವರು ಬರಬಾರ್ದು.”

“ಓಡ್ತಿರೋ ಯಂತ್ರಕ್ಕೆ ಕೈ ಹಾಕೋದು ಹೆಂಗೆ ಸಾರ್? ಮೇಲೆಲ್ಲ ನೀರು ನಿಂತಿದೆ.”

“ಅವನ ಕೈ, ಅವನು ನೋಡ್ಕೋತಾನೆ. ನೀನು ಇಲ್ಲೇ ಬಕೆಟ್ ಹಿಡ್ಕೊಂಡು ನಿಂತಿರು. ಕೆಳಗೆ ಹೋಗಿ ಆ ಸ್ವಿಚ್ಚಿನ ಮುಂದೆ ಕೂತ್ಕೊಳೋ ನಾಟಕ ಇವತ್ತು ಬೇಡ.”

ನಾಟಕ ಎಂದರೆ ಏನೆಂದು ಹಾಲಿನಲ್ಲಿದ್ದವರಿಗೆಲ್ಲ ಗೊತ್ತಿತ್ತು. ಅವಳು ತಲೆಬಟ್ಟೆಯನ್ನು ಹೆಗಲಿಗೆ ಹಾಕಿ, ಜಾಲರಿ ಎತ್ತಿಕೊಂಡು, ಬಕೆಟ್ ತರುವವಳ ಹಾಗೆ ಹೊರಟು, ಕೆಲಸದವರ ಮೆಟ್ಟಿಲಿನಿಂದ ನೇರ ನೆಲಮಾಳಿಗೆಗೆ ಇಳಿದಳು.

ನೆಲಮಾಳಿಗೆಗೆ ಡಕ್ಟು ಇಳಿದಿರಲಿಲ್ಲ. ಅಲ್ಲಿ ಬಟ್ಟೆ ಒಗೆಯುವ ಯಂತ್ರಗಳ ಹಬೆ, ಇಸ್ತ್ರಿಯ ಕಾವು, ಪಾತ್ರೆ ತೊಳೆಯುವ ಬಿಸಿನೀರು. ಮೇಲಿನವರಿಗೆ ಬರಬಾರದ ಬೆವರೆಲ್ಲ ಇಲ್ಲಿನವರ ಪಾಲು. ಗೋಡೆಗೆ ಸಾಲಾಗಿ ಕೆಲಸದವರ ತಗಡಿನ ಕಪಾಟುಗಳಿದ್ದವು. ಕಪಾಟು ಹೋಟೆಲಿನದು, ಬೀಗ ಅವರವರ ಮನೆಯಿಂದ ತಂದದ್ದು. ಎದುರುಗೋಡೆಯಲ್ಲಿ ಇಡೀ ಕಟ್ಟಡದ ಮೇನ್ ಸ್ವಿಚ್ಚುಗಳು. ಅವುಗಳಲ್ಲಿ ಹಾಲಿನ ಏಸಿಯದ್ದರ ಮುಂದೆ ಒಂದು ಬಕೆಟ್ ಬೋರಲಾಗಿ ಬಿದ್ದಿತ್ತು. ಅದು ಅವಳ ಪೀಠ. ಮೈದುನ ಮೇಲೆ ಹತ್ತಿದಾಗಲೆಲ್ಲ ಅವಳು ಸ್ವಿಚ್ ಇಳಿಸಿ, ಆ ಬಕೆಟ್ಟಿನ ಮೇಲೆ ಕೂತು, ಅವನು ಇಳಿದು ಎದುರು ಬಂದು ನಿಲ್ಲುವ ತನಕ ಏಳುತ್ತಿರಲಿಲ್ಲ.

ಮೊದಲು ಹೀಗಿರಲಿಲ್ಲ. ಅವಳ ಗಂಡನೂ ಇಲ್ಲೇ ಏಸಿ ಮೆಕ್ಯಾನಿಕ್, ಅಣ್ಣ ತಮ್ಮ ಒಟ್ಟಿಗೇ ಕೆಲಸ ಮಾಡುತ್ತಿದ್ದರು. ಚಾವಣಿಯೊಳಗೆ ತೆವಳುವವರು ತಮಗೆ ತಾವೇ ಮಾಡಿಕೊಂಡ ಒಂದು ಕಟ್ಟುಪಾಡಿತ್ತು. ಮೇಲೆ ಹೋಗುವವನು ಸ್ವಿಚ್ ಇಳಿಸಿ, ಅದರ ಹಿಡಿಕೆಗೆ ತನ್ನ ಸ್ವಂತ ಬೀಗ ಜಡಿದು, ಬೀಗದ ಕೈಯನ್ನು ಕೊರಳಿಗೆ ಕಟ್ಟಿಕೊಂಡು ಹತ್ತಬೇಕು. ಕೆಳಗೆ ನಿಂತವನು ಒಡಹುಟ್ಟಿದ ಅಣ್ಣನೇ ಆದರೂ ಅವನ ಕೈಗೆ ಕೊಡುವ ಹಾಗಿಲ್ಲ. ಇನ್ನೊಂದು, ಏಸಿಯ ನೀರು ಹೋಗುವ ಪೈಪು ಮೇಲಿನಿಂದ ನೆಲಮಾಳಿಗೆಯ ಮೋರಿಯ ತನಕ ಇಳಿದಿತ್ತು. ಮೇಲಿದ್ದವನು ಆಗಾಗ ಸ್ಪ್ಯಾನರಿನಿಂದ ಅದನ್ನು ಕುಟ್ಟಬೇಕು, ಕೆಳಗಿದ್ದವರು ಕುಟ್ಟಿ ಉತ್ತರ ಕೊಡಬೇಕು. ಇದ್ದೀಯಾ, ಇದ್ದೀನಿ, ಅಷ್ಟೇ ಅದರ ಅರ್ಥ.

ಒಂದು ದಿನ ಹಾಲಿನಲ್ಲಿ ಹೀಗೇ ಒಂದು ಊಟ, ಅವಳ ಗಂಡ ಬೀಗ ಜಡಿದು ಮೇಲೆ ಹತ್ತಿದ್ದ. ಏಸಿ ನಿಂತಿದೆಯೆಂದು ಮ್ಯಾನೇಜರ್ ದಡದಡ ಕೆಳಗಿಳಿದು ಬಂದಿದ್ದ. ಸ್ವಿಚ್ಚಿಗೆ ಬೀಗ ಕಂಡು ಅವನಿಗೆ ಮೈಯೆಲ್ಲ ಉರಿದುಹೋಯಿತು. ನಮ್ಮ ಸ್ವಿಚ್ಚಿಗೆ ಬೀಗ ಹಾಕಲು ಇವನ್ಯಾವ ಬೋಳಿಮಗ ಎಂದು ಕೂಗಾಡಿ, ಬೀಗ ಕತ್ತರಿಸಲು ಕರೆಂಟ್ ತಾತನಿಗೆ ಹೇಳಿದ. ಕರೆಂಟ್ ತಾತ ಎಂದರೆ ಹೋಟೆಲಿನ ಮುದಿ ಎಲೆಕ್ಟ್ರಿಷಿಯನ್. ಮೇಲೆ ಆಳು ಇದಾನೆ ಸಾರ್ ಎಂದು ಒಂದು ಮಾತು ಅಂದ. ಆಳು ಆಗಲೇ ಇಳಿದು ಹೋಗಿ ಎಲ್ಲೋ ಬೀಡಿ ಸೇದುತ್ತಿದ್ದಾನೆ, ನಾನೇ ಕಣ್ಣಾರೆ ಕಂಡೆ ಎಂದ ಮ್ಯಾನೇಜರ್. ತಾತ ಕಟ್ಟರ್ ತಂದು ಬೀಗ ಕತ್ತರಿಸಿ ಸ್ವಿಚ್ ಎತ್ತಿದ. ಇವಳು ಪಕ್ಕದ ಲಾಂಡ್ರಿಯಲ್ಲಿ ಬಟ್ಟೆಯ ಬುಟ್ಟಿ ಹೊತ್ತು ನಿಂತಿದ್ದಳು. ಪೈಪು ಕುಟ್ಟಿದ್ದು ಕೇಳಿಸಿತು. ಬುಟ್ಟಿ ಇಳಿಸಿ ಉತ್ತರ ಕುಟ್ಟಬೇಕು ಅನ್ನುವಷ್ಟರಲ್ಲಿ ಮೋಟರು ಗುಂಯ್ ಎಂದಿತು. ಆಮೇಲೆ ಪೈಪು ಮಾತಾಡಲಿಲ್ಲ.

ಅತಿಥಿಗಳು ಉಂಡು, ಕೈತೊಳೆದು, ನಗುತ್ತ ಕಾರು ಹತ್ತುವ ತನಕ ಹೆಣ ಅವರ ತಲೆಯ ಮೇಲೇ ಇತ್ತು. ಆಮೇಲೆ ಎಂಜಲು ಮೇಜುಬಟ್ಟೆಗಳಲ್ಲಿ ಸುತ್ತಿ, ಲಾಂಡ್ರಿಯ ತಳ್ಳುಗಾಡಿಯಲ್ಲಿ ಹಾಕಿ ಕೆಳಗಿಳಿಸಿದರು. ಕುಡಿದು ಹತ್ತಿದ್ದ ಎಂದು ಮ್ಯಾನೇಜರ್ ವಿಚಾರಣೆಗೆ ಬಂದವರಿಗೆ ಹೇಳಿದ. ಅವರೂ ತಲೆಯಾಡಿಸಿ, ಕಾಫಿ ಕುಡಿದು ಹೋದರು. ಗಂಡನ ಕೊರಳಲ್ಲಿ ಬೀಗದ ಕೈ ಹಾಗೇ ಇತ್ತು. ಅದನ್ನು ಬಿಚ್ಚಿ ಅವಳು ತನ್ನ ಕೊರಳಿಗೆ ಹಾಕಿಕೊಂಡಳು. ಅಂದಿನಿಂದ ಅವಳ ಕೊರಳಲ್ಲಿ ಇರುವುದು ಅದೊಂದೇ. ಆ ವಾರವೇ ಸ್ವಿಚ್ಚುಗಳ ಪಕ್ಕ ಒಂದು ಬೋರ್ಡು ಬಂತು: ಸಂಸ್ಥೆಯ ಸ್ವಿಚ್ಚುಗಳಿಗೆ ಸಿಬ್ಬಂದಿ ಬೀಗ ಹಾಕತಕ್ಕದ್ದಲ್ಲ. ಮೇಲೆ ಯಂತ್ರದ ಮೈಮೇಲೂ ಕೆಂಪು ಅಕ್ಷರದ ಬರಹವಿದೆ, ಮುಚ್ಚಳ ತೆಗೆಯುವ ಮುನ್ನ ಕರೆಂಟು ತೆಗೆಯಿರಿ ಎಂದು. ಮ್ಯಾನೇಜರಿಗೆ ಎರಡನ್ನೂ ಓದಲು ಬರುತ್ತದೆ.

ಬೀಗ ಹಾಕುವಂತಿಲ್ಲವೆಂದಾದ ಮೇಲೆ ಅವಳೇ ಬೀಗವಾಗಿ ಬಕೆಟ್ಟಿನ ಮೇಲೆ ಕೂತಳು. ಕರೆಂಟ್ ತಾತನ ಜೊತೆ ಅವಳು ಮಾತು ಬಿಟ್ಟಿದ್ದಳು. ಎದುರಿಗೆ ಬಂದರೆ ಉಗಿಯಬೇಕು ಅನ್ನುವಷ್ಟು ಸಿಟ್ಟು. ಅವನೂ ಅವಳನ್ನು ಕಂಡರೆ ಗೋಡೆಗೆ ಮುಖ ಮಾಡಿ ದಾಟುತ್ತಿದ್ದ.

ಮೈದುನ ಕಪಾಟಿನ ಮುಂದೆ ಕೂತು ಮೊಣಕಾಲಿಗೆ ಬಟ್ಟೆ ಸುತ್ತಿಕೊಳ್ಳುತ್ತಿದ್ದ. ಅವನಿಗೆ ಆಗಲೇ ಸುದ್ದಿ ಮುಟ್ಟಿತ್ತು. ಪಾತ್ರೆ ತೊಳೆಯುತ್ತಿದ್ದ ಅವನ ಹೆಂಡತಿ ನೊರೆಗೈಯಲ್ಲೇ ಬಂದು ಹಿಂದೆ ನಿಂತಿದ್ದಳು.

“ಆನ್ ಇಟ್ಕೊಂಡೇ ಮಾಡು ಅಂದ್ನಂತೆ,” ಎಂದ. “ಹೋಗ್ಲಿ ಬಿಡು ಅತ್ತಿಗೆ. ಹುಷಾರಾಗಿ ಮಾಡಿ ಇಳೀತೀನಿ.”

“ನಿಮ್ಮಣ್ಣ ಹುಷಾರಿರ್ಲಿಲ್ವಾ?”

ಅವನು ತಲೆ ತಗ್ಗಿಸಿದ.

“ಅವನ ಜೊತೆ ಜಗಳ ಆಡೋಕಾಗತ್ತಾ ಅತ್ತಿಗೆ? ಇವತ್ತು ನಿನ್ನ ಓಡಿಸ್ತಾನೆ, ನಾಳೆ ನನ್ನ, ನಾಡಿದ್ದು ಇವಳನ್ನ. ಮೂರು ಜನಾನೂ ಮನೇಲಿ ಕೂತು ಗಾಳಿ ಕುಡಿಯೋಣ್ವಾ?”

“ಅಕ್ಕಾ, ಹಿಂಗೆ ಮೇಲೆ ಹತ್ತೋಕೆ ಬಿಡ್ಬೇಡ ಇವ್ರನ್ನ,” ಎಂದಳು ವಾರಗಿತ್ತಿ.

ಜಾಲರಿ ಅಕ್ಕ ತನ್ನ ಕಪಾಟಿನ ಹತ್ತಿರ ಹೋದಳು. ಬೀಗ ತೆಗೆದಳು. ಬಾಗಿಲು ತೆರೆದುಕೊಂಡಿತು: ಒಂದು ಜೊತೆ ಹಳೇ ಬಟ್ಟೆ, ಬಾಚಣಿಗೆ, ಬುತ್ತಿ ಡಬ್ಬಿ. ಅದನ್ನು ಮುಚ್ಚುವ ಗೋಜಿಗೇ ಹೋಗಲಿಲ್ಲ. ಸ್ವಿಚ್ಚಿನ ಮುಂದೆ ಬಂದು ಹಿಡಿಕೆಯನ್ನು ಎರಡೂ ಕೈಯಿಂದ ಕೆಳಗೆಳೆದಳು. ತಲೆಯ ಮೇಲೆಲ್ಲೋ ದೂರದಲ್ಲಿ ಗುಂಯ್‌ಗುಡುತ್ತಿದ್ದದ್ದು ನಿಂತಿತು. ಹಿಡಿಕೆಯ ತೂತಿಗೆ ತನ್ನ ಬೀಗ ತೂರಿಸಿ ಒತ್ತಿದಳು. ಅದರ ಕೈಯನ್ನು ಕೊರಳ ದಾರಕ್ಕೆ, ಗಂಡನ ಬೀಗದ ಕೈಯ ಜೊತೆಗೇ ಪೋಣಿಸಿದಳು.

“ಈಗ ಹತ್ತು,” ಎಂದಳು. “ಮೊದ್ಲು ಆ ರೇಷ್ಮೆ ಬಟ್ಟೆ ಹರಿದು ಬಿಸಾಕು. ಆಮೇಲೆ ಪೈಪು. ಕುಟ್ಟೋದು ಮರೀಬೇಡ.”

ಮೈದುನ ಅತ್ತಿಗೆಯ ಮುಖ ನೋಡಿದ, ಬೀಗ ನೋಡಿದ. ಸ್ಪ್ಯಾನರನ್ನು ಸೊಂಟಕ್ಕೆ ಸಿಕ್ಕಿಸಿ ಮೆಟ್ಟಿಲು ಹತ್ತಿದ.

ಮ್ಯಾನೇಜರ್ ಬರಲು ತಡವಾಗಲಿಲ್ಲ. ಮೆಟ್ಟಿಲ ಮೇಲಿಂದಲೇ ಅವನ ಬಾಯಿ ಕೇಳಿಸಿತು.

“ಯಾವಳೇ ಅದು ಆಫ್ ಮಾಡಿದ್ದು? ಜನ ಬಂದು ಕೂತಾಗಿದೆ.”

“ನಾನೇ ಸಾರ್.” ಅವಳು ಬಕೆಟ್ಟಿನ ಮೇಲೆ ಕೂತೇ ಇದ್ದಳು.

“ನಿಮ್ಮಪ್ಪನ ಮನೆ ಸ್ವಿಚ್ಚಾ ಅದು?”

“ಅಲ್ಲ. ಮೇಲೆ ಹೋಗಿರೋನು ಮಾತ್ರ ನಮ್ಮನೆಯೋನು.”

“ಏಯ್, ಏಳೇ ಮೇಲೆ. ಬೋರ್ಡ್ ಕಾಣ್ಸಲ್ವಾ? ದುರಹಂಕಾರದ ಮುಂಡೆ.”

ಅವಳು ಎದ್ದಳು. ಎದ್ದು ಅವನ ಹತ್ತಿರ, ಅವನ ಸೆಂಟಿನ ವಾಸನೆ ಮೂಗಿಗೆ ಬಡಿಯುವಷ್ಟು ಹತ್ತಿರ ಹೋಗಿ ನಿಂತಳು.

“ಬೆಳಗ್ಗೆಯಿಂದ ಮುಂಡೆ ಮುಂಡೆ ಅಂತಾನೇ ಇದೀರ. ನಾನೇನು ಮುಂಡೆಯಾಗಿ ಹುಟ್ಟಿದ್ನಾ? ನನ್ನ ಮುಂಡೆ ಮಾಡಿದ್ದು ಯಾರು? ಇದೇ ಸ್ವಿಚ್ಚಿನ ಮುಂದೆ, ಇದೇ ಜಾಗದಲ್ಲಿ ನಿಂತು ಮಾಡಿದ್ರಲ್ಲ, ಬಾಯ್ಬಿಟ್ಟು ಹೇಳಿ. ಎಲ್ರೂ ಕೇಳ್ಲಿ.”

ಒಗೆಯುವ ಯಂತ್ರವೊಂದು ತಿರುಗುತ್ತಿತ್ತು. ಲಾಂಡ್ರಿಯವನು ಕೈಚಾಚಿ ಅದನ್ನು ನಿಲ್ಲಿಸಿದ. ಇಸ್ತ್ರಿ ಹಾಕುವವರು, ಪಾತ್ರೆ ತೊಳೆಯುವವರು ಒಬ್ಬೊಬ್ಬರಾಗಿ ಬಂದು ನಿಂತರು.

“ಕುಡಿದು ಸತ್ತೋನಿಗೆ ನಾನ್ಯಾಕೆ ಉತ್ತರ ಕೊಡ್ಲಿ?”

“ಕುಡಿದಿದ್ದ ಅಂತ ಇನ್ನೊಂದ್ಸಲ ಅಂದು ನೋಡಿ. ಈ ಬಕೆಟ್ ನಿಮ್ಮ ತಲೇಲಿರತ್ತೆ.”

ಮ್ಯಾನೇಜರ್ ಒಂದು ಹೆಜ್ಜೆ ಹಿಂದೆ ಸರಿದ. ಸರಿದದ್ದನ್ನು ಎಲ್ಲರೂ ನೋಡಿದರೆಂದು ಗೊತ್ತಾಗಿ ಅವನ ಮುಖ ಕೆಂಪಾಯಿತು.

“ಕೊಡು ಕೀ.”

“ಕೊಡಲ್ಲ.”

“ಒಂದು ಬೀಗ ತಾನೆ? ಕತ್ತರಿಸಿ ಬಿಸಾಕ್ತೀನಿ. ಎಲ್ಲಿ ಆ ಮುದಿಯಾ? ಏಯ್ ತಾತ, ಕಟ್ಟರ್ ತಗೊಂಡ್ಬಾ.”

ಕರೆಂಟ್ ತಾತ ತನ್ನ ಸಾಮಾನಿನ ಗೂಡಿನ ಬಾಗಿಲಲ್ಲಿ ನಿಂತಿದ್ದ. ಒಳಗೆ ಹೋದ. ಒಂದು ಬೀಗ ಎಷ್ಟು ಹೊತ್ತು ತಡೆದೀತು ಎಂಬುದನ್ನು ಜಾಲರಿ ಅಕ್ಕ ಬಲ್ಲಳು.

ಆಗ ಲಾಂಡ್ರಿಯವನು ಮೂಲೆಯಲ್ಲಿದ್ದ ತಳ್ಳುಗಾಡಿಯ ಹತ್ತಿರ ಹೋದ. ಅವಳ ಗಂಡನನ್ನು ಹಾಕಿ ಇಳಿಸಿದ್ದು ಅದೇ ಗಾಡಿ, ಈಗಲೂ ಬಟ್ಟೆ ಸಾಗಿಸುವುದು ಅದರಲ್ಲೇ. ಗಾಡಿಗೆ ಕಟ್ಟಿದ್ದ ಉಕ್ಕಿನ ಸರಪಳಿಯನ್ನು ಅವನು ಗಲಗಲ ಎಳೆದುಕೊಂಡು ಬಂದ. ಬೆವರು ಒರೆಸಿಕೊಂಡು, ಮ್ಯಾನೇಜರನ್ನು ನೋಡಿಯೂ ನೋಡದವನ ಹಾಗೆ, ಸ್ವಿಚ್ಚಿನ ಹಿಡಿಕೆಯ ಸುತ್ತ, ಕೆಳಗಿನ ಕಬ್ಬಿಣದ ಪಟ್ಟಿಯ ಸುತ್ತ ಸರಪಳಿ ಬಿಗಿಯಾಗಿ ಸುತ್ತಿದ. ತನ್ನ ಕಪಾಟಿನ ಬೀಗ ತೆಗೆದು ತಂದು ಎರಡು ಕೊಂಡಿಗೆ ಸೇರಿಸಿ ಜಡಿದ.

“ಅವತ್ತು ಇವಳ ಗಂಡನ್ನ ತಳ್ಕೊಂಡು ಬಂದೋನು ನಾನೇ,” ಎಂದ ಯಾರಿಗೋ ಹೇಳುವವನ ಹಾಗೆ. “ಬಟ್ಟೆ ಗಂಟು ಅಂದಿದ್ರು ನಂಗೆ. ಭಾರ ಯಾಕೋ ಜಾಸ್ತಿ ಇದೆಯಲ್ಲ ಅಂದ್ಕೊಂಡೆ. ಇನ್ನೊಂದು ಗಂಟು ನನ್ ಕೈಲಿ ತಳ್ಳೋಕಾಗಲ್ಲ.”

ವಾರಗಿತ್ತಿ ಓಡಿಹೋಗಿ ತನ್ನ ಬೀಗ ತಂದಳು. ನೊರೆಯಲ್ಲಿ ಕೈ ಜಾರಿ ಎರಡು ಸಲ ಬೀಳಿಸಿ, ಮೂರನೆಯ ಸಲ ಹಾಕಿದಳು. ಇಸ್ತ್ರಿ ಹಾಕುವ ಹೆಂಗಸು ತನ್ನದು ತಂದಳು. ಅಡುಗೆಮನೆಯಲ್ಲಿ ತರಕಾರಿ ಹೆಚ್ಚುವವನು ಏನಾಗುತ್ತಿದೆಯೆಂದು ಇಣುಕಲು ಬಂದವನು, ಕೇಳಿ ತಿಳಿದು, ತನ್ನದನ್ನೂ ತಂದ. ದೊಡ್ಡ ಹಿತ್ತಾಳೆ ಬೀಗ, ತುಕ್ಕು ಹಿಡಿದದ್ದು, ಪೆಟ್ಟಿಗೆಯ ಪುಟ್ಟ ಬೀಗ, ಸೈಕಲ್ಲಿನದು, ಯಾವುದಕ್ಕೆ ಯಾವುದೂ ಜೋಡಿಯಿಲ್ಲ. ಟಪ್ಪ್ ಟಪ್ಪ್ ಎಂದು ಒಂದರ ಪಕ್ಕ ಒಂದು ಬಿದ್ದವು. ಹಾಕಿದವರು ಅವರವರ ಬೀಗದ ಕೈಯನ್ನು ಕೊರಳಿಗೋ ಜೇಬಿಗೋ ಸೇರಿಸಿಕೊಂಡರು. ಎದುರುಗೋಡೆಯಲ್ಲಿ ಕಪಾಟುಗಳ ಬಾಗಿಲೆಲ್ಲ ತೆರೆದುಕೊಂಡವು. ಕಳ್ಳತನವಾದೀತೆಂದು ಯಾರೂ ಹೆದರಲಿಲ್ಲ. ಕದಿಯುವಂಥದ್ದೇನೂ ಅಲ್ಲಿರಲಿಲ್ಲ.

“ಹುಚ್ಚು ಹಿಡಿದಿದೆಯೇನ್ರೋ ನಿಮಗೆ?” ಎಂದ ಮ್ಯಾನೇಜರ್. ಅವನ ದನಿ ಒಡೆದಿತ್ತು. “ತಾತ, ಎಲ್ಲಿ ಸತ್ತೆ?”

ತಾತ ಕಟ್ಟರ್ ಹಿಡಿದು ಬಂದ. ಉದ್ದ ಹಿಡಿಕೆಯ ದೊಡ್ಡ ಕಟ್ಟರ್ ಅದು, ಅವತ್ತಿನದೇ. ಜನ ದಾರಿ ಬಿಟ್ಟರು. ಬಿಡದೆ ನಿಂತವಳು ಜಾಲರಿ ಅಕ್ಕ ಒಬ್ಬಳೇ. ಅಷ್ಟು ದಿನಗಳಲ್ಲಿ ಮೊದಲ ಸಲ ಮುದುಕ ಅವಳ ಮುಖ ನೋಡಿದ. ಅವನ ಕಣ್ಣು ತುಂಬಿತ್ತು.

“ಸ್ವಲ್ಪ ಸರ್ಕೊಳಮ್ಮ,” ಎಂದ.

ಅವಳು ಸರಿಯಲಿಲ್ಲ. ತಾತ ಅವಳ ಪಕ್ಕದಿಂದಲೇ ಕೈ ಚಾಚಿ, ಕಟ್ಟರಿನ ಒಂದು ಹಿಡಿಕೆಯನ್ನು ಸರಪಳಿಯೊಳಗೆ ತೂರಿಸಿದ, ಎರಡೂ ಹಿಡಿಕೆ ಸೇರಿಸಿದ, ತನ್ನ ಗೂಡಿನ ಬಾಗಿಲಿನ ದಪ್ಪ ಬೀಗವನ್ನು ಜೇಬಿನಿಂದ ತೆಗೆದು ಅವಕ್ಕೂ ಸರಪಳಿಗೂ ಸೇರಿಸಿ ಜಡಿದುಬಿಟ್ಟ. ಹೋಟೆಲಿನಲ್ಲಿದ್ದ ಒಂದೇ ಒಂದು ಕಟ್ಟರ್ ಬೀಗಗಳ ನಡುವೆ ತಾನೂ ಒಂದು ಬೀಗ ಹಾಕಿಸಿಕೊಂಡು ನೇತಾಡಿತು.

“ಇದನ್ನ ಕತ್ತರ್ಸೋಕೆ ಇನ್ನೊಂದು ಕಟ್ಟರ್ ತರಿಸ್ಬೇಕು ಸಾರ್,” ಎಂದ ತಾತ. “ಅವತ್ತು ನೀವು ಕಣ್ಣಾರೆ ಕಂಡೆ ಅಂದ್ರಿ. ನಾನು ಪೈಪು ಕುಟ್ಟಿದ್ದು ಕಿವಿಯಾರೆ ಕೇಳಿದ್ದೆ. ಕೇಳಿಯೂ ಎತ್ತಿದೆ.”

ಕ್ಷಮಿಸುವಷ್ಟು ದೊಡ್ಡ ಮನಸ್ಸು ಜಾಲರಿ ಅಕ್ಕನಿಗೆ ಆಗ ಬರಲಿಲ್ಲ. ಆದರೆ ಬಕೆಟ್ಟಿನ ಮೇಲೆ ತಿರುಗಿ ಕೂರುವಾಗ, ಮುದುಕನಿಗೂ ನಿಲ್ಲಲು ಗೋಡೆಯ ಕಡೆ ಜಾಗ ಬಿಟ್ಟೇ ಕೂತಳು.

ಯಜಮಾನ ತಾನೇ ಇಳಿದು ಬಂದ. ಆ ಮೆಟ್ಟಿಲಿಗೆ ಅವನ ಕಾಲು ಅದುವರೆಗೆ ತಾಗಿರಲಿಲ್ಲ. ತೇವದ ಕಡೆ ನೋಡಿ ನೋಡಿ ಹೆಜ್ಜೆಯಿಡುತ್ತ ಬಂದು, ಕೊನೆಯ ಮೆಟ್ಟಿಲ ಬುಡದಲ್ಲಿ, ಮೋರಿಯ ಪಕ್ಕದ ಒಣ ಜಾಗ ಆರಿಸಿಕೊಂಡು ನಿಂತ. ಅವನ ಕುತ್ತಿಗೆಯ ಕಾಲರು ಒದ್ದೆಯಾಗಿತ್ತು. ಹಾಲಿನಲ್ಲಿ ಕಿಟಕಿಗಳನ್ನು ತೆರೆಯಲು ನೋಡುತ್ತಿದ್ದಾರೆಂದೂ, ಎಂದೂ ತೆರೆದಿರದ ಕಿಟಕಿಗಳು ಬಿಗಿದುಕೊಂಡಿವೆಯೆಂದೂ, ಅತಿಥಿಗಳು ತಟ್ಟೆಯಲ್ಲಿ ಗಾಳಿ ಹಾಕಿಕೊಳ್ಳುತ್ತಿದ್ದಾರೆಂದೂ ಅವನ ಹಿಂದೆ ಬಂದವನೊಬ್ಬ ಮ್ಯಾನೇಜರಿನ ಕಿವಿಯಲ್ಲಿ ಉಸುರಿದ. ಎಲ್ಲರಿಗೂ ಕೇಳಿಸಿತು.

ಯಜಮಾನ ಬೈಯುವವನಲ್ಲ. ಬೈಯಲು ಸಂಬಳ ಕೊಟ್ಟು ಆಳಿಟ್ಟಿದ್ದ.

“ನೋಡಮ್ಮ,” ಎಂದ ಮೆತ್ತಗೆ. “ನೀವೆಲ್ಲ ನನ್ನ ಮನೆಯವರಿದ್ದ ಹಾಗೆ. ಏನಿದ್ರೂ ಕೂತು ಮಾತಾಡೋಣ. ಮೊದಲು ಸ್ವಿಚ್ ಹಾಕಿ.”

“ಮನೆಯವರಾ ಯಜಮಾನ್ರೇ?” ಎಂದಳು ಜಾಲರಿ ಅಕ್ಕ. “ಹಂಗಾದ್ರೆ ನಿಮ್ಮ ಮಗನ್ನ ಮೇಲೆ ಹತ್ಸಿ. ಅವನು ಆ ನೀರಲ್ಲಿ ಮಲಗಿ ಯಂತ್ರಕ್ಕೆ ಕೈ ಹಾಕಿದ ತಕ್ಷಣ ಕೂಗಿ ಹೇಳಿ. ನಾನೇ ಬೀಗ ತೆಗೆದು ಸ್ವಿಚ್ ಎತ್ತುತೀನಿ.”

ಯಜಮಾನನ ಮೆತ್ತನೆಯ ಮುಖ ಹಾಗೇ ಇತ್ತು, ಕಣ್ಣು ಮಾತ್ರ ಬದಲಾಯಿತು.

“ಯಾರ್ಯಾರ ಬೀಗ ಇವೆ ಇಲ್ಲಿ? ಎಲ್ಲರನ್ನೂ ತೆಗೆದುಹಾಕು. ಈಗಲೇ,” ಎಂದ ಮ್ಯಾನೇಜರನ್ನು ನೋಡಿ.

“ಆಯ್ತು ಯಜಮಾನ್ರೇ,” ಎಂದ ಲಾಂಡ್ರಿಯವನು. “ಕೆಲಸದಿಂದ ತೆಗೆದ್ಮೇಲೆ ನಿಮ್ಮ ಸ್ವಿಚ್ಚಿನ ಬೀಗ ತೆಗೆಯೋದೂ ನಮ್ಮ ಕೆಲಸ ಅಲ್ವಲ್ಲ.”

ಯಾರೋ ಕಿಸಕ್ಕನೆ ನಕ್ಕರು. ನಕ್ಕದ್ದು ವಾರಗಿತ್ತಿ. ನಕ್ಕು, ತಾನು ನಕ್ಕದ್ದಕ್ಕೆ ತಾನೇ ಬೆಚ್ಚಿದಳು.

“ಪೊಲೀಸಿಗೆ ಫೋನ್ ಮಾಡು,” ಎಂದ ಯಜಮಾನ.

“ಮಾಡಿ,” ಎಂದಳು ಜಾಲರಿ ಅಕ್ಕ. “ಅವರು ಬರ್ಲಿ. ಮೇಲೆ ಮನುಷ್ಯ ಇದಾನೆ. ಅವನು ಇಳಿದು ಬಂದು, ನನ್ ಎದುರಿಗೆ ನಿಂತು, ಅತ್ತಿಗೆ ಅನ್ನೋ ತನಕ ಈ ಬೀಗ ಬಿಚ್ಚಲ್ಲ. ನಾಳೆನೂ ಇಷ್ಟೇ. ನಾವಿಲ್ಲಿ ಇದ್ರೂ ಇಷ್ಟೇ, ಇಲ್ದೆ ಹೋದ್ರೆ ಬರೋರಿಗೂ ಇಷ್ಟೇ.”

ಹೇಳುವಾಗ ಅವಳಿಗೆ ಹೆದರಿಕೆಯಿತ್ತು. ಪೊಲೀಸರ ಹೆದರಿಕೆಗಿಂತ ಹೆಚ್ಚಿನದು ಅದು. ಮೈದುನ ಮೇಲೆ ಹೋಗಿ ಸಾಕಷ್ಟು ಹೊತ್ತಾಗಿತ್ತು, ಪೈಪಿನ ಕಡೆಯಿಂದ ಇನ್ನೂ ಸದ್ದಿಲ್ಲ. ಅವನು ಸರಿಯಾಗೇ ಇದ್ದಾನೆ, ಸ್ವಿಚ್ ಇಳಿದಿದೆ, ಕಣ್ಣೆದುರು ಬೀಗದ ಗೊಂಚಲಿದೆ, ಆದರೂ ಅವಳ ಕಿವಿ ಪೈಪಿಗೇ ಅಂಟಿಕೊಂಡಿತ್ತು. ಬುಟ್ಟಿ ಹೊತ್ತು ನಿಂತಿದ್ದ ಆ ದಿನ ಅವಳ ತಲೆಯ ಮೇಲೇ ಇನ್ನೂ ಇತ್ತು. ವಾರಗಿತ್ತಿ ಬಂದು ಅವಳ ಹೆಗಲು ಹಿಡಿದಳು.

ಟಕ್.

ಎಲ್ಲರ ತಲೆಯೂ ಪೈಪಿನ ಕಡೆ ತಿರುಗಿತು.

ಟಕ್ ಟಕ್.

ಅವಳು ಎದ್ದು ಸ್ಪ್ಯಾನರಿಗಾಗಿ ಹುಡುಕಿದಳು. ಕರೆಂಟ್ ತಾತ ತನ್ನ ಜೇಬಿನದನ್ನು ತೆಗೆದು ಕೊಟ್ಟ. ಅವನ ಕೈಯಿಂದ ಅವಳು ಇಸಿದುಕೊಂಡಳು. ಆದರೆ ಕುಟ್ಟುವ ಮೊದಲೇ ಪೈಪಿನೊಳಗೆ ಏನೋ ಗುಳುಗುಳು ಎಂದಿತು. ಮೇಲಿನಿಂದ ಜಾರಿಕೊಂಡು, ಸದ್ದು ಮಾಡಿಕೊಂಡು ಬಂತು. ಎಷ್ಟೋ ದಿನದಿಂದ ಕಟ್ಟಿಕೊಂಡಿದ್ದ ಕೊಳೆ, ಪಾಚಿ, ಲೋಳೆ ಎಲ್ಲ ಒಂದೇ ಸಲ ಬಿಟ್ಟುಕೊಂಡು, ಕಪ್ಪನೆಯ ತಣ್ಣನೆಯ ನೀರು ಮೋರಿಗೆ ದಬಕ್ಕನೆ ಬಿತ್ತು. ಮೋರಿ ತುಂಬಿ ಹೊರಗೆ ಸಿಡಿಯಿತು. ಯಜಮಾನನ ಪ್ಯಾಂಟು ಮೊಣಕಾಲಿನ ತನಕ ಕಪ್ಪಾಯಿತು. ಬೂಟುಗಳ ಮೇಲೆ ಲೋಳೆಯ ಉಂಡೆಗಳು ಕೂತವು.

ಯಜಮಾನ ಕದಲದೆ ನಿಂತು ತನ್ನ ಕಾಲು ನೋಡಿಕೊಂಡ. ಆಮೇಲೆ, ಯಾರನ್ನೂ ನೋಡದೆ, ಒಂದು ಕಾಲನ್ನು ಸ್ವಲ್ಪ ಮುಂದೆ ಚಾಚಿದ.

ಮ್ಯಾನೇಜರಿನ ಕಣ್ಣು ತಟ್ಟನೆ ಜಾಲರಿ ಅಕ್ಕನ ಕಡೆ ತಿರುಗಿತು, ಅವಳ ಹೆಗಲ ಮೇಲೆ ಬಿದ್ದಿದ್ದ ತಲೆಬಟ್ಟೆಯ ಮೇಲೆ ನಿಂತಿತು.

ಅವಳೂ ಆ ಕಾಲನ್ನು ನೋಡಿದಳು. ಹೆಗಲಿನಿಂದ ಬಟ್ಟೆ ತೆಗೆದಳು. ಚೆನ್ನಾಗಿ ಕೊಡವಿದಳು. ಕೆನ್ನೆಗೆ ಬಿದ್ದಿದ್ದ ಕೂದಲನ್ನು ಹಿಂದೆ ತಳ್ಳಿ, ಬಟ್ಟೆಯನ್ನು ತಲೆಗೆ ಬಿಗಿಯಾಗಿ ಕಟ್ಟಿಕೊಂಡಳು. ಗಂಟು ಸರಿಯಾಗಿ ಕೂತಿದೆಯೇ ಎಂದು ಮುಟ್ಟಿ ನೋಡಿಕೊಂಡಳು.

ಚಾಚಿದ ಕಾಲು ಚಾಚಿಯೇ ಇತ್ತು. ಬಹಳ ಹೊತ್ತು ನೋಡಿ, ಕೊನೆಗೆ ಮ್ಯಾನೇಜರ್ ತನ್ನ ಜೇಬಿನ ಕರವಸ್ತ್ರ ತೆಗೆದು ಮೆಲ್ಲಗೆ ಮಂಡಿಯೂರಿದ.

ಅವಳು ಅದನ್ನು ನೋಡಲು ನಿಲ್ಲಲಿಲ್ಲ. ಪೈಪಿನ ಹತ್ತಿರ ಹೋಗಿ ಸ್ಪ್ಯಾನರಿನಿಂದ, ಮೇಲಿದ್ದವನಿಗೆ ಚೆನ್ನಾಗಿ ಕೇಳುವ ಹಾಗೆ, ಕುಟ್ಟಿದಳು.